ಶಿವಮೊಗ್ಗದ ಮರದ ಗಾಣದ ಅಂಗಡಿ: ಎಣ್ಣೆಗೆ ಫುಲ್ ಮಾರ್ಕ್ಸ್, ಗೋಡೆ ಮೇಲಿನ ಬೋರ್ಡಿಗೆ ಇಲ್ಲ

ಮೊದಲು ಎಣ್ಣೆ ಬಗ್ಗೆ ಹೇಳಿಬಿಡ್ತೀನಿ, ರಿವ್ಯೂ ಓದೋರಿಗೆ ಬೇಕಾಗಿರೋದು ಅದೇ ತಾನೆ. ಶೇಂಗಾ ಎಣ್ಣೆ ತುಂಬಾ ಚೆನ್ನಾಗಿದೆ. ಮುಚ್ಚಳ ತೆಗೆದ ತಕ್ಷಣ ಹಸಿ ಶೇಂಗಾ ವಾಸನೆ ಬರುತ್ತೆ, ಒಗ್ಗರಣೆಗೆ ಹಾಕಿದ್ರೆ ಹೊರಗಿನ ಕಟ್ಟೆ ಮೇಲೆ ಕೂತೋರಿಗೂ ಗೊತ್ತಾಗುತ್ತೆ, ಬಣ್ಣ ತಿಳಿ ಹಳದಿ, ತಳದಲ್ಲಿ ಸ್ವಲ್ಪ ಗಸಿ ಕೂತಿರುತ್ತೆ, ಅದು ಇರಬೇಕಾದ್ದೇ, ಅದನ್ನ ನೋಡಿ ಕಲಬೆರಕೆ ಅಂದ್ಕೋಬೇಡಿ. ಕೊಬ್ಬರಿ ಎಣ್ಣೆ ಅದಕ್ಕಿಂತ ಒಂದು ಕೈ ಮೇಲು. ಹಲಸಿನ ಹಪ್ಪಳ ಅದರಲ್ಲಿ ಕರಿದ್ರೆ ಬರೋ ರುಚಿ ಬೇರೆ ಯಾವ ಎಣ್ಣೇಲೂ ಬರಲ್ಲ, ಇದನ್ನ ಮಲೆನಾಡಿನೋರಿಗೆ ನಾನು ಹೇಳೋದೇನೂ ಬೇಡ. ಎಳ್ಳೆಣ್ಣೆ ಸುಮಾರು, ಸ್ವಲ್ಪ ಕಹಿ ಉಳಿಯುತ್ತೆ, ನಮ್ಮನೇಲಿ ಅದನ್ನ ಉಪ್ಪಿನಕಾಯಿಗೆ ಮಾತ್ರ ಇಟ್ಕೊಂಡಿದೀವಿ. ಹುಚ್ಚೆಳ್ಳೆಣ್ಣೆ ಸೀಸನ್ನಲ್ಲಿ ಮಾತ್ರ ಸಿಗುತ್ತೆ, ಸಿಕ್ಕಾಗ ತಗೊಳ್ಳಿ.

ಅಂಗಡಿ ಸವಳಂಗ ರಸ್ತೆಯಿಂದ ಒಳಗೆ ತಿರುಗಿದ ಮೇಲೆ ಇದೆ, ಚಿಕ್ಕದು, ಮುಂದೆ ಬಾಟಲಿ ಕ್ಯಾನ್ ಜೋಡಿಸಿರ್ತಾರೆ, ಹಿಂದೆ ಗಾಣ. ಎತ್ತು ಇಲ್ಲ, ಮೋಟರಲ್ಲೇ ತಿರುಗೋದು, ಆದ್ರೆ ಒರಳು, ಗುಂಡು ಎರಡೂ ಬಾಗೆ ಮರದ್ದು, ನಿಧಾನಕ್ಕೆ ತಿರುಗುತ್ತೆ ಹಂಗಾಗಿ ಎಣ್ಣೆ ಜಾಸ್ತಿ ಬಿಸಿ ಆಗಲ್ಲ. ಕೇಳಿದ್ರೆ ಒಳಗೆ ಕರ್ಕೊಂಡು ಹೋಗಿ ತೋರಿಸ್ತಾರೆ, ನನಗೆ ತುಂಬಾ ಇಷ್ಟ ಆಗಿದ್ದು ಅದು. ಶೇಂಗಾ ಚಿತ್ರದುರ್ಗದ ಕಡೆಯಿಂದ ತರಿಸ್ತಾರಂತೆ, ಅದು ಸರಿಯಾದ್ದೇ, ನಮ್ಮ ಕಡೆ ಮಳೆಗೆ ಶೇಂಗಾ ಎಲ್ಲಿ ಬೆಳೀಬೇಕು, ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದಿರೋದೇ ಆ ಬಯಲುಸೀಮೆ ಶೇಂಗಾದಿಂದ. ಕೊಬ್ಬರಿ ತಿಪಟೂರಿಂದು ಒಂದಿಷ್ಟು, ಇಲ್ಲಿನ ತೋಟದೋರು ತಂದುಕೊಡೋದು ಒಂದಿಷ್ಟು.

ರೇಟು ಪ್ಯಾಕೆಟ್ ಎಣ್ಣೆಗೆ ಹೋಲಿಸಿದ್ರೆ ಹೆಚ್ಚುಕಮ್ಮಿ ಡಬಲ್. ತುಂಬಾ ಜನ ರಿವ್ಯೂನಲ್ಲಿ ಇದಕ್ಕೇ ಒಂದು ಸ್ಟಾರ್ ಕಟ್ ಮಾಡಿದಾರೆ, ನನಗೆ ಅದು ನ್ಯಾಯ ಅನ್ಸಲ್ಲ. ಒಂದು ಲೀಟರ್ ಶೇಂಗಾ ಎಣ್ಣೆ ಬರಬೇಕಂದ್ರೆ ಗಾಣಕ್ಕೆ ಸುಮಾರು ಎರಡೂವರೆ ಕೆಜಿ ಬೀಜ ಹಾಕಬೇಕು, ಬೀಜದ ರೇಟು ನೀವೇ ಗಾಂಧಿ ಬಜಾರಲ್ಲಿ ವಿಚಾರಿಸಿ, ಆಮೇಲೆ ಕರೆಂಟು, ಕೂಲಿ, ಬಾಟಲಿ ಎಲ್ಲ ಸೇರಿಸಿ. ಹಿಂಡಿ ಮಾರಿ ಬರೋ ದುಡ್ಡು ಕಳೆದ್ರೂ ಪ್ಯಾಕೆಟ್ ರೇಟಿಗೆ ಕೊಡೋಕಾಗಲ್ಲ. ಯಾರಾದ್ರೂ ಪ್ಯಾಕೆಟ್ ರೇಟಿಗೇ ಗಾಣದೆಣ್ಣೆ ಕೊಡ್ತೀವಿ ಅಂದ್ರೆ ಅಲ್ಲಿ ಅನುಮಾನ ಪಡಬೇಕು, ಇಲ್ಲಲ್ಲ.

ಇನ್ನೊಂದು ವಿಷಯಕ್ಕೆ ಇವರನ್ನ ಹೊಗಳಲೇಬೇಕು. ನೀವೇ ಕೊಬ್ಬರಿ ತಂದ್ರೆ ಆಡಿಸಿ ಕೊಡ್ತಾರೆ, ಕೆಜಿ ಲೆಕ್ಕದಲ್ಲಿ ಕೂಲಿ ತಗೋತಾರೆ, ಆದ್ರೆ ಬೂಷ್ಟು ಹಿಡಿದ ಕೊಬ್ಬರಿ ಮುಟ್ಟಲ್ಲ. ನಾನು ಕಾಯ್ತಾ ಇದ್ದಾಗ ತೀರ್ಥಹಳ್ಳಿ ಕಡೆಯೋರು ಒಬ್ರು ಚೀಲ ತಂದಿದ್ರು, ಯಜಮಾನ್ರು ಕೈ ಹಾಕಿ ನೋಡಿ, "ಇಲ್ಲ ಅಣ್ಣಾ, ಒಳಗೆ ಹಸಿರು ತಿರುಗಿದೆ, ಇದನ್ನ ನಾನು ಗಾಣಕ್ಕೆ ಹಾಕಲ್ಲ" ಅಂದ್ಬಿಟ್ರು. ಅವರು "ಮಳೆ ನೋಡಿ ಮಾರಾಯ್ರೆ, ಎಲ್ಲಿ ಒಣಗಿಸೋದು, ಬರೀ ಎಣ್ಣೆ ತಾನೆ, ಸೋಸಿದ್ರೆ ಹೋಗುತ್ತೆ" ಅಂತ ಎಷ್ಟು ಹೇಳಿದ್ರೂ ಒಪ್ಪಲಿಲ್ಲ. ಸರಿಯಾಗೇ ಮಾಡಿದ್ರು. ಶೇಂಗಾ, ಕೊಬ್ಬರಿ ಇವಕ್ಕೆ ಹಿಡಿಯೋ ಕೆಲವು ಬೂಷ್ಟಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ, ಲಿವರ್ ಕ್ಯಾನ್ಸರಿಗೆ ದಾರಿ ಮಾಡೋಂಥದ್ದು, ಬಟ್ಟೇಲಿ ಸೋಸಿದ್ರೂ ಹೋಗಲ್ಲ, ಒಗ್ಗರಣೆ ಬಿಸಿಗೂ ಹೋಗಲ್ಲ. ರಿಫೈನ್ಡ್ ಎಣ್ಣೇಲಿ ಶುದ್ಧ ಮಾಡೋವಾಗ ಅದು ಬಹುಪಾಲು ಹೊರಗೆ ಹೋಗಿಬಿಡುತ್ತೆ, ಗಾಣದೆಣ್ಣೇಲಿ ಆ ಹಂತವೇ ಇಲ್ಲ, ಹಂಗಾಗಿ ಬೀಜ ಎಂಥದ್ದು ಅನ್ನೋದೇ ಎಲ್ಲ. ನಮ್ಮ ಊರಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಗೋಡೆಗೇ ಬೂಷ್ಟು ಹಿಡಿಯುತ್ತೆ, ಅಂಥಾ ಕಡೆ ಗಾಣ ಇಟ್ಕೊಂಡೋರು ಈ ವಿಷಯದಲ್ಲಿ ಕಟ್ಟುನಿಟ್ಟಾಗಿರೋದು ಬಹಳ ದೊಡ್ಡ ಮಾತು. ಗಿರಾಕಿ ಬೇಜಾರಾದ್ರೂ ಪರವಾಗಿಲ್ಲ ಅಂತ ವಾಪಸ್ ಕಳಿಸೋ ಅಂಗಡಿ ಎಷ್ಟಿದಾವೆ ಹೇಳಿ.

ಇಷ್ಟೆಲ್ಲ ಒಳ್ಳೇದು ಇದ್ದೂ ನಾನು ಐದು ಸ್ಟಾರ್ ಕೊಡ್ತಿಲ್ಲ, ಅದಕ್ಕೆ ಕಾರಣ ಗೋಡೆ ಮೇಲಿರೋ ಬೋರ್ಡು. ದೊಡ್ಡ ಅಕ್ಷರದಲ್ಲಿ ಕೊಲೆಸ್ಟ್ರಾಲ್ ಫ್ರೀ ಅಂತ ಇದೆ, ಕೆಳಗೆ ಹಾರ್ಟಿಗೆ ಅಮೃತ ಅಂತ, ಅದರ ಕೆಳಗೆ ಎಷ್ಟು ತಿಂದ್ರೂ ಬೊಜ್ಜು ಬರಲ್ಲ ಅಂತ. ಕೌಂಟರಲ್ಲಿ ಕೂರೋ ಹುಡುಗನೂ ಅದನ್ನೇ ಹೇಳ್ತಾನೆ, "ಅಕ್ಕ, ರಿಫೈನ್ಡ್ ಬಿಟ್ಟು ಇದು ಹಾಕಿ, ಎಷ್ಟು ಬೇಕಾದ್ರೂ ಹಾಕಿ, ಏನೂ ಆಗಲ್ಲ." ಒಳ್ಳೇ ಹುಡುಗ, ಅವನಿಗೆ ಯಾರೋ ಹಂಗೆ ಹೇಳಿಕೊಟ್ಟಿದಾರೆ. ಆದ್ರೆ ಆ ಮಾತು ಸರಿ ಇಲ್ಲ, ಮತ್ತೆ ಅದನ್ನ ನಂಬಿಕೊಂಡು ನಮ್ಮ ಸುತ್ತಮುತ್ತ ಎಷ್ಟೋ ಮನೇಲಿ ಎಣ್ಣೆ ಖರ್ಚು ಮೊದಲಿಗಿಂತ ಜಾಸ್ತಿ ಆಗಿದೆ, ಒಳ್ಳೇ ಎಣ್ಣೆ ಅಲ್ವಾ ಅಂತ ಧಾರಾಳವಾಗಿ ಸುರಿಯೋದು. ಅದಕ್ಕೇ ಇಷ್ಟುದ್ದ ಬರೀತಿರೋದು.

ಕೊಲೆಸ್ಟ್ರಾಲ್ ಫ್ರೀ ಅನ್ನೋದು ಯಾವ ಗಿಡದ ಎಣ್ಣೆಗಾದ್ರೂ ನಿಜವೇ. ಕೊಲೆಸ್ಟ್ರಾಲ್ ಇರೋದು ಮೊಟ್ಟೆ, ಮಾಂಸ, ಹಾಲು, ತುಪ್ಪದಲ್ಲಿ, ಶೇಂಗಾದಲ್ಲಿ ಹುಡುಕಿದ್ರೂ ಲೆಕ್ಕಕ್ಕೆ ಸಿಗೋಷ್ಟು ಇರಲ್ಲ, ಹಂಗಾಗಿ ಬಾಟಲಿ ಮೇಲೆ ಅದನ್ನ ಬರೆದ್ರೆ ಅಲ್ಲಿ ಹೊಸದೇನೂ ಹೇಳಿದಂಗಾಗಲ್ಲ. ನಮ್ಮ ರಕ್ತದಲ್ಲಿ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ಏರೋಕೆ ಮುಖ್ಯ ಕಾರಣ ಊಟದಲ್ಲಿನ ಸ್ಯಾಚುರೇಟೆಡ್ ಕೊಬ್ಬು, ಅಂದ್ರೆ ತಣ್ಣಗಿದ್ರೆ ಹೆಪ್ಪುಗಟ್ಟೋ ಜಾತಿದು, ಅದು ಜಾಸ್ತಿ ಆದಾಗ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳ್ಕೊಳ್ಳೋದು ಕಮ್ಮಿ ಮಾಡುತ್ತೆ. ಶೇಂಗಾ ಎಣ್ಣೇಲಿ ಸ್ಯಾಚುರೇಟೆಡ್ ಸುಮಾರು ಐದನೇ ಒಂದು ಭಾಗ ಅಷ್ಟೇ, ಒಳ್ಳೇದು. ಕೊಬ್ಬರಿ ಎಣ್ಣೇಲಿ ನೂರಕ್ಕೆ 80ಕ್ಕಿಂತ ಹೆಚ್ಚು. ತುಪ್ಪದಲ್ಲಿ 60ರ ಆಸುಪಾಸು, ಪಾಮ್ ಎಣ್ಣೇಲಿ ಹೆಚ್ಚುಕಮ್ಮಿ ಅರ್ಧ. ಗಾಣದಲ್ಲಿ ತೆಗೆದ್ರೂ ಅಷ್ಟೇ, ಫ್ಯಾಕ್ಟರೀಲಿ ತೆಗೆದ್ರೂ ಅಷ್ಟೇ, ಕೊಬ್ಬಿನ ಜಾತಿ ಬದಲಾಗಲ್ಲ. ಗಾಣದಲ್ಲಿ ಉಳಿಯೋದು ವಾಸನೆ, ರುಚಿ, ವಿಟಮಿನ್ ಇ ಮತ್ತೆ ಗಿಡದ ಕೆಲವು ಸೂಕ್ಷ್ಮ ಅಂಶಗಳು, ರಿಫೈನ್ ಮಾಡೋವಾಗ 200 ಡಿಗ್ರಿ ಮೇಲೆ ಕಾಯಿಸಿ ವಾಸನೆ ತೆಗೀತಾರಲ್ಲ ಆಗ ಇವು ಒಂದಿಷ್ಟು ಹೋಗ್ತವೆ. ಅದಕ್ಕೆ ದುಡ್ಡು ಕೊಡೋದು ಸರಿಯೇ, ನಾನೂ ಕೊಡ್ತೀನಿ. ಆದ್ರೆ ಒಂದು ಗ್ರಾಂ ಎಣ್ಣೆ ಅಂದ್ರೆ 9 ಕ್ಯಾಲರಿ, ಅದು ಗಾಣದ್ದಾದ್ರೂ 9, ಪ್ಯಾಕೆಟ್‌ದಾದ್ರೂ 9. ಅಕ್ಕಿ, ಬೇಳೇಲಿರೋ ಪಿಷ್ಟಕ್ಕೆ, ಪ್ರೋಟೀನಿಗೆ ಗ್ರಾಮಿಗೆ 4.

ಹಂಗಾದ್ರೆ ಎಷ್ಟು ತಿನ್ನಬೇಕು? ಅಂಗಡೀಲಿ ಒಂದು ಸಲ ಇದೇ ಚರ್ಚೆ ಆಯ್ತು. ನನ್ನ ಹಿಂದೆ ನಿಂತಿದ್ದ ರಿಟೈರ್ಡ್ ಮೇಷ್ಟ್ರು "ಎಣ್ಣೆ ಪೂರ್ತಿ ಬಿಟ್ಟುಬಿಡಬೇಕು ಕಣಮ್ಮ" ಅಂದ್ರು, ಹುಡುಗ "ಸರ್, ಎಷ್ಟಾದ್ರೂ ತಿನ್ನಬಹುದು" ಅಂದ, ಇಬ್ಬರೂ ಅವರವರ ಮೊಬೈಲಲ್ಲಿ ವಿಡಿಯೋ ತೋರಿಸ್ಕೊಂಡು ನಿಂತರು. ಎರಡೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡೋರಿಗೆ ಹೇಳಿರೋದು, ದಿನದ ಒಟ್ಟು ಕ್ಯಾಲರೀಲಿ ಕೊಬ್ಬು 30 ಪರ್ಸೆಂಟ್ ದಾಟದೇ ಇರಲಿ, ಅದರಲ್ಲಿ ಸ್ಯಾಚುರೇಟೆಡ್ 10 ಪರ್ಸೆಂಟ್ ಒಳಗೆ, ವನಸ್ಪತಿ ಥರದ್ದರಲ್ಲಿರೋ ಟ್ರಾನ್ಸ್ ಫ್ಯಾಟ್ 1 ಪರ್ಸೆಂಟ್ ಒಳಗೆ ಅಂತ. ಅದನ್ನ ನಮ್ಮ ತಟ್ಟೆ ಲೆಕ್ಕಕ್ಕೆ ತರೋಣ. ದಿನಕ್ಕೆ 2000 ಕ್ಯಾಲರಿ ತಿನ್ನೋರಾದ್ರೆ 30 ಪರ್ಸೆಂಟ್ ಅಂದ್ರೆ 600 ಕ್ಯಾಲರಿ, ಒಂಬತ್ತರಿಂದ ಭಾಗಿಸಿ, ಸುಮಾರು 66 ಗ್ರಾಂ ಕೊಬ್ಬು. ಇದು ಮೇಲಿನ ಗೆರೆ, ಅಷ್ಟು ತಿನ್ನಲೇಬೇಕು ಅಂತಲ್ಲ. ಮತ್ತೆ ಇದು ಬರೀ ಬಾಟಲಿ ಎಣ್ಣೆ ಅಲ್ಲ, ಹಾಲು, ಮೊಸರು, ಕಾಯಿತುರಿ, ಶೇಂಗಾ, ಮೊಟ್ಟೆ, ಮೀನು, ಬೇಕರಿ ತಿಂಡಿ ಎಲ್ಲದರಲ್ಲಿ ಇರೋದೂ ಸೇರಿ. ಬಾಟಲಿಯಿಂದ, ತುಪ್ಪದ ಡಬ್ಬಿಯಿಂದ ನಾವು ಕೈಯಾರೆ ಹಾಕೋದಕ್ಕೆ ಬೇರೆ ಲೆಕ್ಕ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಎನ್‌ಐಎನ್ ಅಂತಾರಲ್ಲ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೆಳಗೆ ಬರೋದು, ಅವರು 2024ರಲ್ಲಿ ಭಾರತೀಯರಿಗೆ ಅಂತ ಹೊಸ ಆಹಾರ ಮಾರ್ಗಸೂಚಿ ತಂದ್ರು, ಅದರಲ್ಲಿ 2000 ಕ್ಯಾಲರಿ ತಟ್ಟೆಗೆ ಎಣ್ಣೆ ತುಪ್ಪ ಸೇರಿ 27 ಗ್ರಾಂ ಅಂತ ಇಟ್ಟಿದಾರೆ. ಟೀ ಚಮಚದಲ್ಲಿ ಆರು. ಬೆಳಿಗ್ಗೆ ದೋಸೆ, ಮಧ್ಯಾಹ್ನ ಒಗ್ಗರಣೆ, ಪಲ್ಯ, ಸಂಜೆ ಏನಾದ್ರೂ ಕುರುಕಲು, ರಾತ್ರಿ ಚಪಾತಿ, ಎಲ್ಲ ಸೇರಿ ಆರು ಚಮಚ.

ಇಲ್ಲಿ ಮಲೆನಾಡು, ಕರಾವಳಿ ಕಡೆಯೋರು ಒಂದು ವಿಷಯ ಗಮನಿಸಬೇಕು, ಇದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಕಾಯಿ. ನಮ್ಮ ಅಡುಗೆ ನೋಡಿದ್ರೆ ಎಣ್ಣೆ ಬಹಳ ಕಮ್ಮಿ ಕಾಣಿಸುತ್ತೆ. ಕಡುಬು ಹಬೇಲಿ ಬೇಯೋದು, ಪತ್ರೊಡೆ ಹಬೇಲಿ, ಅಕ್ಕಿ ರೊಟ್ಟಿ ಕೆಂಡದ ಮೇಲೆ ಉಬ್ಬೋದು, ತಂಬುಳಿಗೆ ಒಂದು ಚೂರು ತುಪ್ಪದಲ್ಲಿ ಜೀರಿಗೆ, ಸಾರಿಗೆ ಸಾಸಿವೆ ಸಿಡಿಯೋಷ್ಟು ಎಣ್ಣೆ. ಆದ್ರೆ ಹುಳಿಗೆ ಕಾಯಿ, ತಂಬುಳಿಗೆ ಕಾಯಿ, ಪಲ್ಯಕ್ಕೆ ಕಾಯಿ, ಚಟ್ನಿ ಅಂತೂ ಬರೀ ಕಾಯಿ. ಹಸಿ ಕಾಯಿತುರೀಲಿ ಮೂರನೇ ಒಂದು ಭಾಗ ಕೊಬ್ಬೇ, ಅದೂ ಹೆಚ್ಚಿನಂಶ ಸ್ಯಾಚುರೇಟೆಡ್. ದಪ್ಪ ಕಾಯಿ ಒಂದು ತುರಿದ್ರೆ ಹತ್ತಿರ ಹತ್ತಿರ ಮುನ್ನೂರು ಗ್ರಾಂ ತುರಿ ಬರುತ್ತೆ ಅಂತ ಇಟ್ಕೊಳ್ಳಿ, ಅದರಲ್ಲಿ 100 ಗ್ರಾಂ ಕೊಬ್ಬು. ಐದು ಜನರ ಮನೇಲಿ ದಿನಕ್ಕೊಂದು ಕಾಯಿ ಮುಗಿದ್ರೆ ತಲೆಗೆ 20 ಗ್ರಾಂ ಆಗ್ಲೇ ಬಂತು, ಬಾಟಲಿ ಇನ್ನೂ ಮುಟ್ಟಿಲ್ಲ. ಮನೇಲಿ ಕಾಯಿ ಬಿಡಿ ಅಂತ ನಾನು ಹೇಳ್ತಿಲ್ಲ, ಕಾಯಿ ಇಲ್ಲದ ಮಲೆನಾಡಿನ ಊಟ ನನ್ನ ಕೈಲಿ ಆಗದ ಮಾತು, ಕಾಯೀಲಿ ನಾರಿದೆ, ಊಟಕ್ಕೆ ತೂಕ ಬರುತ್ತೆ. ಕಾಯಿ ಹಾಕಿದ ದಿನ ಎಣ್ಣೆ ಕೈ ಬಿಗಿ ಮಾಡಿ ಅಂತಷ್ಟೇ.

ಮತ್ತೆ ಬೋರ್ಡಿನೋರು ಅಮೃತ ಅಂತ ಬರೆದಿರೋ ಕೊಬ್ಬರಿ ಎಣ್ಣೆ. ಸ್ಯಾಚುರೇಟೆಡ್ 10 ಪರ್ಸೆಂಟ್ ಅಂದ್ರೆ 2000 ಕ್ಯಾಲರಿ ಊಟಕ್ಕೆ 22 ಗ್ರಾಂ. ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೇಲಿ ಅಷ್ಟೂ ಮುಗಿದುಹೋಗುತ್ತೆ, ಆಮೇಲೆ ಕುಡಿಯೋ ಹಾಲು, ತುಪ್ಪ ಎಲ್ಲ ಮೇಲಿಂದು. 2020ರಲ್ಲಿ ಸರ್ಕ್ಯುಲೇಷನ್ ಅನ್ನೋ ಹೃದಯದ ಜರ್ನಲಲ್ಲಿ 16 ಪ್ರಯೋಗಗಳನ್ನ ಒಟ್ಟು ಹಾಕಿ ನೋಡಿದ್ರು, ಸೂರ್ಯಕಾಂತಿ ಆಲಿವ್ ಥರದ ಎಣ್ಣೆ ತಿಂದೋರಿಗೆ ಹೋಲಿಸಿದ್ರೆ ಕೊಬ್ಬರಿ ಎಣ್ಣೆ ತಿಂದೋರಿಗೆ ಎಲ್‌ಡಿಎಲ್ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಹೆಚ್ಚು ಬಂತು, ಒಳ್ಳೇ ಕೊಲೆಸ್ಟ್ರಾಲ್ ಅನ್ನೋ ಹೆಚ್‌ಡಿಎಲ್ಲೂ ಸ್ವಲ್ಪ ಏರಿತ್ತು. ಹಪ್ಪಳ ಕರಿಯೋಕೆ, ಅಪರೂಪಕ್ಕೆ ಒಂದು ಗೊಜ್ಜಿಗೆ, ತಲೆಗೆ, ಮೈಗೆ, ದೇವರ ದೀಪಕ್ಕೆ ಖಂಡಿತ ಇದನ್ನೇ ತಗೊಳ್ಳಿ. ಬೆಳಿಗ್ಗೆ ಎದ್ದು ಕಾಫಿಗೆ ಎರಡು ಚಮಚ ಕೊಬ್ಬರಿ ಎಣ್ಣೆ ಹಾಕ್ಕೊಂಡು ಕುಡಿಯೋದು ಈಗ ಶುರು ಆಗಿದೆಯಲ್ಲ, ಅದು ಬೇಡ, ಅದರಲ್ಲೂ ಹಾರ್ಟ್ ತೊಂದರೆ ಇರೋರು ಮನೇಲಿದ್ರೆ ಖಂಡಿತ ಬೇಡ.

ಹಿಂದಿನೋರು ತಿಂದಿಲ್ವಾ ಅಂತ ಕೇಳ್ತಾರೆ. ತಿಂದ್ರು, ಆದ್ರೆ ಹೆಂಗೆ ತಿಂದ್ರು ಅಂತಲೂ ನೋಡಬೇಕಲ್ವಾ. ನಮ್ಮಜ್ಜಿ ಕಾವಲಿಗೆ ಎಣ್ಣೆ ಸವರ್ತಿದ್ದಿದ್ದು ಬಾಳೆ ಎಲೆ ದಂಟಿಂದ, ಬಟ್ಟಲಲ್ಲಿ ಚೂರು ಎಣ್ಣೆ, ದಂಟು ಅದ್ದಿ ಒಂದು ಸುತ್ತು, ಅಷ್ಟರಲ್ಲಿ ಎರಡು ಮೂರು ದೋಸೆ ಆಗೋದು. ಈಗ ದೋಸೆ ಸುತ್ತ ಬಾಟಲಿಯಿಂದಲೇ ಬಿಡ್ತೀವಿ. ಗದ್ದೆ, ತೋಟ, ಸೊಪ್ಪು ತರೋದು, ದರಗು ಗುಡಿಸೋದು, ಗುಡ್ಡ ಹತ್ತೋದು ಇಳಿಯೋದು ಅಂತ ಮೈಮುರಿಯೋ ಕೆಲಸ, ಎನ್‌ಐಎನ್ ಹಳೇ ಪಟ್ಟೀಲೂ ಕೂತು ಕೆಲಸ ಮಾಡೋ ಗಂಡಸಿಗೆ 25 ಗ್ರಾಂ ಇದ್ರೆ ಭಾರೀ ದೈಹಿಕ ಕೆಲಸ ಮಾಡೋರಿಗೆ 40 ಗ್ರಾಂ ಅಂತ ಇತ್ತು, ಹೆಂಗಸರಿಗೆ 20ರಿಂದ 30. ಇವತ್ತಿಗೂ ಅಡಿಕೆ ಕೊಯ್ಲು, ಔಷಧಿ ಹೊಡೆಯೋ ಕೆಲಸಕ್ಕೆ ಮರ ಹತ್ತೋರಿಗೆ ನನ್ನ ಆರು ಚಮಚದ ಲೆಕ್ಕ ಸಾಕಾಗಲ್ಲ, ಅವರು ಇನ್ನೂ ಜಾಸ್ತಿ ತಿನ್ನಬೇಕು. ಸ್ಕೂಟಿ ಮೇಲೆ ಗೋಪಿ ಸರ್ಕಲ್ ತನಕ ಹೋಗಿ ಬರೋ ನಮಗೆ ಆ ಲೆಕ್ಕ ಬರಲ್ಲ.

ಮಲೆನಾಡಿನ ಹಳೇ ಕೊಬ್ಬು ಅಂದಾಗ ನೆನಪಾಯ್ತು, ಈ ಅಂಗಡೀಲಿ ಕೆಲವೊಮ್ಮೆ ಮುರುಗಲು ತುಪ್ಪದ ಉಂಡೆ ಇಟ್ಟಿರ್ತಾರೆ. ಸಾಗರ, ಸಿದ್ದಾಪುರ ಕಡೆಯೋರಿಗೆ ಗೊತ್ತು, ಮುರುಗಲು ಬೀಜ, ಉಪ್ಪಾಗೆ ಬೀಜ ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿ ಮೇಲೆ ತೇಲಿದ್ದು ತೆಗೆಯೋದು. ಹಿಂದೆ ದೋಸೆಗೆ, ರೊಟ್ಟಿಗೆ ಹಾಕ್ತಿದ್ರು, ಈಗ ಹೆಚ್ಚಾಗಿ ಹಿಮ್ಮಡಿ ಒಡೆದ್ರೆ ಹಚ್ಚೋಕೆ ಕೇಳಿಕೊಂಡು ಬರ್ತಾರೆ. ಅದು ಗಟ್ಟಿಯಾಗಿರೋದು ಸ್ಟಿಯರಿಕ್ ಆಮ್ಲದಿಂದ, ಅದೂ ಸ್ಯಾಚುರೇಟೆಡ್ಡೇ, ಆದ್ರೆ ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದ ಥರ ಎಲ್‌ಡಿಎಲ್ ಏರಿಸಲ್ಲ. ಇಂಥದ್ದನ್ನ ಇವರು ಮಾರ್ತಿರೋದು ನನಗೆ ಖುಷಿ, ಒಂದು ಚೀಟಿ ಅಂಟಿಸಿ ಏನು ಅಂತ ಬರೆದ್ರೆ ಇನ್ನೂ ಜನ ತಗೋತಾರೆ.

ಈಗ ಮೇಷ್ಟ್ರ ಮಾತಿಗೆ ಬರ್ತೀನಿ, ಎಣ್ಣೆ ಪೂರ್ತಿ ಬಿಡೋದು. ನಮ್ಮ ಮಾವನಿಗೆ ಸ್ಟೆಂಟ್ ಹಾಕಿದ ಮೇಲೆ ನಮ್ಮನೇಲೂ ಇದೇ ಮಾತು ಎದ್ದಿತ್ತು. ಬಂದೋರೆಲ್ಲ ಎಣ್ಣೆ ನಿಲ್ಲಿಸಿ, ಬರೀ ಬೇಯಿಸಿದ್ದು ಕೊಡಿ ಅಂತ ಹೇಳಿ ಹೋಗೋರು, ಅತ್ತೆ ಹೆದರಿ ಒಗ್ಗರಣೆ ಸೌಟನ್ನೇ ಎತ್ತಿಟ್ಟುಬಿಟ್ರು. ಆಗ ಏನಾಯ್ತು ಅಂದ್ರೆ ಸಪ್ಪೆ ಪಲ್ಯ ಮಾವನಿಗೆ ಸೇರ್ತಿರಲಿಲ್ಲ, ಪಲ್ಯ ಬಿಟ್ಟು ಬರೀ ಅನ್ನ, ತಿಳಿಸಾರು, ಮತ್ತೆ ಅನ್ನ, ಮಜ್ಜಿಗೆ. ಎಣ್ಣೆ ಕಮ್ಮಿ ಆಯ್ತು, ಅನ್ನ ಎರಡರಷ್ಟಾಯ್ತು. ಡಯಟಿಷಿಯನ್ ಇದನ್ನ ಕೇಳಿದ ಕೂಡ್ಲೇ ಬೇಡ ಅಂದ್ರು. ಕೊಬ್ಬು ತೆಗೆದ ಜಾಗಕ್ಕೆ ಬಿಳಿ ಅನ್ನ, ಮೈದಾ, ಸಕ್ಕರೆ ಬಂದು ಕೂತ್ರೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಏರುತ್ತೆ, ಹೆಚ್‌ಡಿಎಲ್ ಇಳಿಯುತ್ತೆ, ಹಾರ್ಟಿಗೆ ಲಾಭ ಏನೂ ಇಲ್ಲ. ಅಮೆರಿಕದಲ್ಲಿ 48 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಸುಮಾರು ಎಂಟು ವರ್ಷ ಕೊಬ್ಬು ಕಮ್ಮಿ ಮಾಡೋ ಊಟದ ಪ್ರಯೋಗ ಮಾಡಿದ್ರು, 2006ರಲ್ಲಿ ಫಲಿತಾಂಶ ಬಂತು, ಹೃದಯದ ಕಾಯಿಲೆ ಗಮನಾರ್ಹವಾಗಿ ಕಮ್ಮಿ ಆಗಲೇ ಇಲ್ಲ. ಒಟ್ಟು ಕೊಬ್ಬು ಇಳಿಸಿದ್ರೆ ಸಾಲದು, ಸ್ಯಾಚುರೇಟೆಡ್ ಇಳಿಸಿ ಆ ಜಾಗಕ್ಕೆ ಶೇಂಗಾ, ಎಳ್ಳು, ಸೂರ್ಯಕಾಂತಿ, ಸಾಸಿವೆ ಥರದ ಎಣ್ಣೆ, ಕಾಳು, ಬೀಜ, ಮೀನು ಬರಬೇಕು. ನಮ್ಮ ದೇಶದ ತಟ್ಟೇಲಿ ಅರ್ಧಕ್ಕಿಂತ ಹೆಚ್ಚು ಕ್ಯಾಲರಿ ಅಕ್ಕಿ ಗೋಧಿ ಸಕ್ಕರೆಯಿಂದಲೇ ಬರೋದು, ಇಂಥಾ ಕಡೆ ಇರೋ ಚೂರು ಎಣ್ಣೇನೂ ಕಿತ್ತು ಅನ್ನ ಬಡಿಸೋದು ಸರಿ ಅಲ್ಲ.

ಎಣ್ಣೆ ಬೇಕು ಕೂಡ. ಲಿನೋಲಿಕ್, ಆಲ್ಫಾ ಲಿನೋಲೆನಿಕ್ ಅನ್ನೋ ಎರಡು ಕೊಬ್ಬಿನಾಮ್ಲ ನಮ್ಮ ದೇಹ ತಾನಾಗಿ ಮಾಡಿಕೊಳ್ಳಲ್ಲ, ಊಟದಿಂದಲೇ ಬರಬೇಕು. ಎ, ಡಿ, ಇ, ಕೆ ವಿಟಮಿನ್ ಮೈಗೆ ಹತ್ತಬೇಕಾದ್ರೆ ಜೊತೆಗೆ ಕೊಬ್ಬು ಇರಬೇಕು, ಹರಿವೆ ಸೊಪ್ಪು, ನುಗ್ಗೆ ಸೊಪ್ಪನ್ನ ಒಂದು ಚೂರು ಎಣ್ಣೇನೂ ಇಲ್ಲದೆ ಬೇಯಿಸಿ ತಿಂದ್ರೆ ಮೈಯಲ್ಲಿ ವಿಟಮಿನ್ ಎ ಆಗೋ ಅದರ ಕ್ಯಾರೋಟಿನ್ ಅರ್ಧಂಬರ್ಧ ವ್ಯರ್ಥ. ಸಣ್ಣ ಮಕ್ಕಳ ವಿಷಯದಲ್ಲಂತೂ ದಯವಿಟ್ಟು ಈ ಎಣ್ಣೆ ಬಿಡೋ ಪ್ರಯೋಗ ಮಾಡಬೇಡಿ, ತಾಯಿ ಹಾಲಲ್ಲೇ ಹತ್ತಿರ ಹತ್ತಿರ ಅರ್ಧ ಕ್ಯಾಲರಿ ಕೊಬ್ಬಿಂದ ಬರುತ್ತೆ, ಎರಡು ವರ್ಷದೊಳಗಿನ ಕೂಸಿನ ಗಂಜಿಗೆ, ಅನ್ನಕ್ಕೆ ತುಪ್ಪ ಹಾಕೋ ನಮ್ಮ ಪದ್ಧತಿ ಸರಿಯಾದ್ದೇ.

ಈಗ ನಮ್ಮನೇಲಿ ನಡೀತಿರೋದು ಹೇಳ್ತೀನಿ, ಐದು ಜನ, ಮಾವ, ಅತ್ತೆ, ನಾವಿಬ್ರು, ಹೈಸ್ಕೂಲಿಗೆ ಹೋಗೋ ಮಗಳು. ತಿಂಗಳಿಗೆ ಎರಡು ಲೀಟರ್ ಎಣ್ಣೆ, ಅರ್ಧ ಕೆಜಿ ತುಪ್ಪ, ಎರಡು ದಿನಕ್ಕೊಂದು ಕಾಯಿ. ಲೀಟರ್ ಎಣ್ಣೆ ತೂಕದಲ್ಲಿ 910 ಗ್ರಾಂ, ಹಂಗೆ ಲೆಕ್ಕ ಹಾಕಿದ್ರೆ ತಲೆಗೆ ದಿನಕ್ಕೆ ಎಣ್ಣೆ ತುಪ್ಪ ಸೇರಿ 15 ಗ್ರಾಂ, ಕಾಯಿಂದ ಒಂದು ಹತ್ತು, ಎರಡೂ ಸೇರಿ 25. ಮೇಲಿಂದ ನಂದಿನಿ ನೀಲಿ ಪ್ಯಾಕೆಟ್ ಹಾಲು, ಅದರಲ್ಲಿ ಕೊಬ್ಬು 3 ಪರ್ಸೆಂಟ್, ಮುನ್ನೂರು ಎಂಎಲ್ ಕುಡಿದ್ರೆ 9 ಗ್ರಾಂ. ಸಂಜೆ ಒಂದು ಮುಷ್ಟಿ ಶೇಂಗಾ, ವಾರಕ್ಕೆರಡು ಸಲ ಬೂತಾಯಿ ಇಲ್ಲ ಬಂಗುಡೆ, ಹೊನ್ನಾವರ ಭಟ್ಕಳ ಕಡೆಯಿಂದ ಬರೋ ಮೀನು ಫ್ರೆಶ್ ಇದ್ದಾಗ, ಅದರ ಕೊಬ್ಬಲ್ಲಿ ಒಮೆಗಾ 3 ಇರುತ್ತೆ ಹಂಗಾಗಿ ಅದನ್ನ ಕಾವಲಿ ಮೇಲೆ ಎಣ್ಣೇಲಿ ಮುಳುಗಿಸಿ ಹುರಿಯೋದಕ್ಕಿಂತ ಸಾರು ಮಾಡ್ತೀವಿ. ಮೀನು ತಿನ್ನದೋರು ಅಗಸೆ ಬೀಜದ ಚಟ್ನಿ ಪುಡಿ ಮಾಡ್ಕೊಳ್ಳಿ. ತಿಂಗಳ ಮೊದಲನೇ ದಿನ ಬಾಟಲಿ ತುಂಬಿಸಿ ಇಟ್ಟು, ಅದು ಮುಗಿದ್ರೆ ತಿಂಗಳು ಮುಗಿಯೋ ತನಕ ಹೊಸದು ತರಬಾರದು ಅಂತ ಅತ್ತೆ ಮಾಡಿರೋ ರೂಲು, ಚಮಚ ಅಳೆಯೋ ತಲೆನೋವಿಲ್ಲ.

ಇದಕ್ಕೇ ನನ್ನ ಎರಡನೇ ತಕರಾರು. ಈ ಅಂಗಡೀಲಿ ಒಂದು ಲೀಟರ್, ಐದು ಲೀಟರ್ ಕ್ಯಾನ್ ಅಷ್ಟೇ ಇಡ್ತಾರೆ, ಐದು ಲೀಟರಿಗೆ ಡಿಸ್ಕೌಂಟ್ ಅಂತ ಒತ್ತಾಯ ಬೇರೆ. ಗಾಣದೆಣ್ಣೆಗೆ ಪ್ರಿಸರ್ವೇಟಿವ್ ಇಲ್ಲ, ನಮ್ಮ ಮಳೆಗಾಲದ ತೇವಕ್ಕೆ, ಬೆಳಕಿಗೆ ಇಟ್ರೆ ಬೇಗ ಕಮಟು ವಾಸನೆ ಹಿಡಿಯುತ್ತೆ, ಇಬ್ಬರೇ ಇರೋ ಮನೆಯೋರು ಐದು ಲೀಟರ್ ತಗೊಂಡೋಗಿ ಏನು ಮಾಡಬೇಕು, ಕೆಡೋ ಮುಂಚೆ ಮುಗಿಸೋಣ ಅಂತ ಬೋಂಡಾ ಬಜ್ಜಿ ಕರೀಬೇಕು. ನಾನು ಕೇಳಿದ್ದಕ್ಕೆ ಯಜಮಾನ್ರು ನಕ್ಕು "ಆಯ್ತಮ್ಮ, ನಿಮ್ಮ ಸ್ಟೀಲ್ ಡಬ್ಬಿ ತನ್ನಿ, ಅರ್ಧ ಲೀಟರ್ ಆದ್ರೂ ಹಾಕ್ಕೊಡ್ತೀನಿ" ಅಂದ್ರು, ಕೊಟ್ರು ಕೂಡ. ಎಲ್ಲರಿಗೂ ಹಂಗೆ ಕೊಡೋ ಥರ ಅರ್ಧ ಲೀಟರ್ ಬಾಟಲಿ ಇಡಬೇಕು.

ಕರಿಯೋದರ ಬಗ್ಗೆ ಒಂದು ಮಾತು. ಗಾಣದೆಣ್ಣೆ ರಿಫೈನ್ಡಿಗಿಂತ ಕಮ್ಮಿ ಬಿಸಿಗೇ ಹೊಗೆ ಬರೋಕೆ ಶುರು ಆಗುತ್ತೆ, ಶೇಂಗಾ ಎಣ್ಣೆ ನೊರೆ ಕೂಡ ಬರುತ್ತೆ, ಹಂಗಾಗಿ ಉರಿ ಸಣ್ಣ ಇಟ್ಕೊಳ್ಳಿ, ಬಾಣಲೆ ಚಿಕ್ಕದು ಇಡಿ, ಉಳಿದ ಎಣ್ಣೆ ಮತ್ತೆ ಮತ್ತೆ ಕಾಯಿಸಬೇಡಿ. ಸಂಜೆ ಗಾಡಿಗಳಲ್ಲಿ ಮಂಡಕ್ಕಿ ಮಿರ್ಚಿ ತಿನ್ನೋವಾಗಲೂ ಬಾಣಲೆಯ ಎಣ್ಣೆ ಬಣ್ಣ ಒಂದು ಸಲ ನೋಡಿ, ಕಪ್ಪಾಗಿ ಅಂಟಂಟಾಗಿದ್ರೆ ಮುಂದಿನ ಗಾಡಿಗೆ ಹೋಗಿ. ಕರಿದ ಎಣ್ಣೇಲಿ ಪೋಲಾರ್ ಕಾಂಪೌಂಡ್, ಅಂದ್ರೆ ಕಾದು ಕಾದು ಎಣ್ಣೆ ಕೆಟ್ಟಾಗ ಹುಟ್ಟೋ ಅಂಶ, 25 ಪರ್ಸೆಂಟ್ ದಾಟಿದ್ರೆ ಅದನ್ನ ಬಳಸೋ ಹಂಗಿಲ್ಲ ಅಂತ 2018ರ ಜುಲೈಯಿಂದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಡಾಲ್ಡಾ ಥರದ ವನಸ್ಪತೀಲಿರೋ ಟ್ರಾನ್ಸ್ ಫ್ಯಾಟ್ ಕೂಡ 2022ರ ಜನವರಿಯಿಂದ 2 ಪರ್ಸೆಂಟ್ ಒಳಗೇ ಇರಬೇಕು ಅಂತ ಮಾಡಿದಾರೆ, ಅದು ದೊಡ್ಡ ಒಳ್ಳೇ ಕೆಲಸ.

ನಾಲ್ಕು ಸ್ಟಾರ್ ಕೊಡ್ತಿದೀನಿ. ಯಜಮಾನ್ರು ಇದನ್ನ ಓದ್ತಾರೆ ಅಂತ ಗೊತ್ತು, ಅಣ್ಣಾ, ಬೇಜಾರು ಮಾಡ್ಕೋಬೇಡಿ, ಆ ಬೋರ್ಡಿನ ಮೂರನೇ ಸಾಲು ಅಳಿಸಿ ಅಲ್ಲಿ ಒಬ್ಬರಿಗೆ ದಿನಕ್ಕೆ ಆರು ಚಮಚ ಅಂತ ಬರೆಸಿ, ಐದನೇ ಸ್ಟಾರ್ ಅವತ್ತೇ ಹಾಕ್ತೀನಿ. ಹೊಸಬರು ಹೋಗೋದಾದ್ರೆ ಬೆಳಿಗ್ಗೆ ಹೋಗಿ, ಗಾಣ ಆಗ ಓಡ್ತಿರುತ್ತೆ, ಸಂಜೆ ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ. ಡಬ್ಬಿ ಪೂರ್ತಿ ಒಣಗಿರಲಿ, ಒಂದು ಹನಿ ನೀರಿದ್ರೂ ಎಣ್ಣೆ ಕೆಡುತ್ತೆ. ಹಸು ಸಾಕಿರೋರು ಶೇಂಗಾ ಹಿಂಡಿ ಮೊದಲೇ ಹೇಳಿಟ್ಟಿರಿ, ಬೇಗ ಖಾಲಿ ಆಗುತ್ತೆ.